ಎಲ್ಲರ ಪ್ರಿಂಟರ್, ಯಾರ ಅಧಿಕಾರ?

ಕಾಲೇಜಿನ ಭಾಷಾ ವಿಭಾಗವೊಂದರಲ್ಲಿ ಅತಿ ಹೆಚ್ಚು ಮಂದಿಯ ಕೈಗೆ ಸಿಗುವ ವಸ್ತು ಯಾವುದೆಂದು ಕೇಳಿದರೆ, ನಿಘಂಟು ಎಂಬ ಉತ್ತರವನ್ನು ನಿರೀಕ್ಷಿಸಬಹುದು. ವಾಸ್ತವದಲ್ಲಿ ಆ ಸ್ಥಾನ ಇಂದು ಮೂಲೆಯ ಮೇಜಿನ ಮೇಲಿರುವ ಪ್ರಿಂಟರಿನದು. ಆಂತರಿಕ ಪರೀಕ್ಷೆಯ ಪ್ರಶ್ನಪತ್ರಿಕೆ, ಅಂಕಪಟ್ಟಿ, ಹಾಜರಿಯ ವಿವರ, ವಿಚಾರಸಂಕಿರಣದ ಆಮಂತ್ರಣ, ಭಿತ್ತಿಪತ್ರಿಕೆಯ ಪುಟ, ಸಂಶೋಧನ ಪ್ರಬಂಧದ ಕರಡು ಇವೆಲ್ಲವೂ ಅದೊಂದೇ ಯಂತ್ರದಿಂದ ಹೊರಬರಬೇಕು. ಹೀಗಿದ್ದರೂ ಅದನ್ನು ಯಾರು ಬಳಸಬಹುದು, ಯಾರು ಅದರ ವ್ಯವಸ್ಥೆಯನ್ನು ಬದಲಿಸಬಹುದು, ಯಾರು ಇನ್ನೊಬ್ಬರ ಮುದ್ರಣವನ್ನು ತಡೆಯಬಹುದು ಎಂಬ ಪ್ರಶ್ನೆಗಳು ವಿಭಾಗದ ಸಭೆಯ ಕಾರ್ಯಸೂಚಿಯಲ್ಲಿ ಕಾಣಿಸಿಕೊಳ್ಳುವುದು ಅಪರೂಪ. ಅದು ಯಂತ್ರದ ವಿಷಯ, ತಿಳಿದವರು ನೋಡಿಕೊಳ್ಳಲಿ ಎಂಬ ಉದಾಸೀನವೇ ಹೆಚ್ಚು. ಈ ಉದಾಸೀನ ಸಾಧುವಲ್ಲ.

ಸಾಮಾನ್ಯವಾಗಿ ಕಾಣುವ ಪದ್ಧತಿಗಳು ಎರಡು. ಮೊದಲನೆಯದರಲ್ಲಿ ವಿಭಾಗಕ್ಕೆ ಒಂದೇ ಕಂಪ್ಯೂಟರು, ಅದಕ್ಕೆ ಒಂದೇ ಖಾತೆ, ಎಲ್ಲರಿಗೂ ಗೊತ್ತಿರುವ ಒಂದೇ ಗುಪ್ತಪದ. ಆ ಖಾತೆಯೇ ಆಡಳಿತಗಾರನ ಖಾತೆಯೂ ಆಗಿರುತ್ತದೆ. ಆದ್ದರಿಂದ ಪ್ರಥಮ ವರ್ಷದ ವಿದ್ಯಾರ್ಥಿಯಿಂದ ವಿಭಾಗದ ಮುಖ್ಯಸ್ಥರವರೆಗೆ ಎಲ್ಲರೂ ಎಲ್ಲವನ್ನೂ ಮಾಡಬಲ್ಲರು. ಎರಡನೆಯದರಲ್ಲಿ ಸಮಸ್ತವೂ ಒಬ್ಬರ ಕೈಯಲ್ಲಿ. ಅವರು ರಜೆಯಲ್ಲಿದ್ದರೆ ಪ್ರಿಂಟರಿಗೂ ರಜೆ. ಮೊದಲನೆಯದು ಉದಾರವಾಗಿಯೂ ಎರಡನೆಯದು ಶಿಸ್ತುಬದ್ಧವಾಗಿಯೂ ತೋರುತ್ತವೆ. ಆದರೆ ಎರಡರ ಮೂಲದಲ್ಲಿಯೂ ಇರುವ ದೋಷ ಒಂದೇ: ಬಳಸುವ ಹಕ್ಕನ್ನೂ ಆಳುವ ಹಕ್ಕನ್ನೂ ಒಂದೆಂದು ಭಾವಿಸಿದ್ದು.

ಕನ್ನಡದ ‘ಅಧಿಕಾರ’ ಎಂಬ ಪದವೇ ಈ ಭೇದವನ್ನು ಒಳಗೊಂಡಿದೆ. ಶಾಸ್ತ್ರಗ್ರಂಥಗಳ ಆರಂಭದಲ್ಲಿ ಹೇಳುವ ಅನುಬಂಧ ಚತುಷ್ಟಯದಲ್ಲಿ ವಿಷಯ, ಪ್ರಯೋಜನ, ಸಂಬಂಧಗಳೊಡನೆ ಅಧಿಕಾರಿಯೂ ಸೇರುತ್ತಾನೆ. ಅಲ್ಲಿ ಅಧಿಕಾರಿ ಎಂದರೆ ಆ ಗ್ರಂಥವನ್ನು ಓದಲು ಅರ್ಹನಾದವನು. ಅದನ್ನು ತಿದ್ದುವವನೂ ಅಲ್ಲ, ಬಚ್ಚಿಡುವವನೂ ಅಲ್ಲ. ಇಂದಿನ ಕಚೇರಿಯಲ್ಲಿ ಅಧಿಕಾರಿ ಎಂದರೆ ಆಜ್ಞೆ ಮಾಡುವವನು. ಅರ್ಹತೆಯ ಹೆಸರಿನಲ್ಲಿ ಎಷ್ಟೋ ಮಂದಿಯನ್ನು ಓದಿನಿಂದಲೇ ಹೊರಗಿಟ್ಟ ಇತಿಹಾಸವೂ ಆ ಹಳೆಯ ಅರ್ಥದ ಹಿಂದೆ ಇದೆ ಎಂಬುದನ್ನು ಮರೆಯಲಾಗದು. ಆದರೂ ಎರಡು ಅರ್ಥಗಳ ನಡುವಿನ ಅಂತರ ಇಲ್ಲಿ ಉಪಯುಕ್ತ. ಹಂಚಿಕೊಂಡ ಪ್ರಿಂಟರಿನಲ್ಲಿ ಮೊದಲನೆಯ ಬಗೆಯ ಅಧಿಕಾರ ಸಾಧ್ಯವಾದಷ್ಟು ವಿಶಾಲವಾಗಿರಬೇಕು. ಎರಡನೆಯ ಬಗೆಯದು ಸಾಧ್ಯವಾದಷ್ಟು ಕಿರಿದಾಗಿರಬೇಕು, ಆದರೆ ಎಂದಿಗೂ ಒಬ್ಬನದೇ ಆಗಿರಬಾರದು.

ಯಂತ್ರವನ್ನು ನಡೆಸುವ ತಂತ್ರಾಂಶಗಳನ್ನು ರೂಪಿಸಿದವರು ಈ ಭೇದವನ್ನು ಎಂದೋ ಗುರುತಿಸಿದ್ದಾರೆ. ವಿಂಡೋಸ್ ವ್ಯವಸ್ಥೆಯಲ್ಲಿ ಪ್ರಿಂಟರಿನ ‘ಸೆಕ್ಯುರಿಟಿ’ ಪುಟವನ್ನು ತೆರೆದರೆ ಮುಖ್ಯವಾಗಿ ಮೂರು ಮೆಟ್ಟಿಲುಗಳು ಕಾಣುತ್ತವೆ. ‘ಪ್ರಿಂಟ್’ ಎಂಬುದು ಮುದ್ರಿಸುವ ಅನುಮತಿ. ‘ಮ್ಯಾನೇಜ್ ಡಾಕ್ಯುಮೆಂಟ್ಸ್’ ಎಂಬುದು ಸರದಿಯಲ್ಲಿರುವ ದಾಖಲೆಗಳನ್ನು ನಿಲ್ಲಿಸುವ, ಮುಂದುವರಿಸುವ, ಅಳಿಸುವ ಅನುಮತಿ. ‘ಮ್ಯಾನೇಜ್ ದಿಸ್ ಪ್ರಿಂಟರ್’ ಎಂಬುದು ಪ್ರಿಂಟರಿನ ಹೆಸರು, ಹಂಚಿಕೆ, ಅನುಮತಿಗಳನ್ನೇ ಬದಲಿಸುವ ಅಧಿಕಾರ. ಪ್ರಿಂಟರನ್ನು ಹೊಸದಾಗಿ ಸ್ಥಾಪಿಸಿದಾಗ ಮೊದಲನೆಯದು ಎಲ್ಲರಿಗೂ, ಮೂರನೆಯದು ಆಡಳಿತಗಾರರಿಗೆ ಮಾತ್ರ ದೊರೆಯುತ್ತದೆ. ನಡುವಿನದು ‘ಕ್ರಿಯೇಟರ್ ಓನರ್’ ಎಂಬ ವಿಶಿಷ್ಟ ಹೆಸರಿಗೆ ಸಲ್ಲುತ್ತದೆ. ಎಂದರೆ, ದಾಖಲೆಯನ್ನು ಕಳುಹಿಸಿದವನೇ ಆ ದಾಖಲೆಯ ಒಡೆಯ. ತನ್ನದನ್ನು ತಾನು ರದ್ದುಮಾಡಬಹುದು, ಪಕ್ಕದವನದನ್ನು ಮುಟ್ಟುವಂತಿಲ್ಲ.

ಲಿನಕ್ಸ್ ಮತ್ತು ಮ್ಯಾಕ್ ಕಂಪ್ಯೂಟರುಗಳಲ್ಲಿ ಮುದ್ರಣವನ್ನು ನೋಡಿಕೊಳ್ಳುವ ‘ಕಪ್ಸ್’ ತಂತ್ರಾಂಶದ ನಿಯಮವೂ ಇದನ್ನೇ ಹೇಳುತ್ತದೆ. ಅದರ ಮೂಲ ವ್ಯವಸ್ಥೆಯಲ್ಲಿ ಒಂದು ಮುದ್ರಣ ಕಾರ್ಯವನ್ನು ರದ್ದುಪಡಿಸಬಲ್ಲವರು ಇಬ್ಬರೇ: ಅದನ್ನು ಕಳುಹಿಸಿದವರು ಅಥವಾ ಆಡಳಿತ ಗುಂಪಿಗೆ ಸೇರಿದವರು. ಉಬುಂಟುವಿನಲ್ಲಿ ಆ ಗುಂಪಿಗೆ ‘ಎಲ್‌ಪಿಅಡ್ಮಿನ್’ ಎಂದು ಹೆಸರು. ಕಾಸರಗೋಡಿನ ವಿದ್ಯಾರ್ಥಿಗಳಿಗೆ ಇದು ದೂರದ ಸಂಗತಿಯಲ್ಲ. ಕೇರಳದ ಸರಕಾರಿ ಶಾಲೆಗಳ ಕಂಪ್ಯೂಟರ್ ಶಿಕ್ಷಣ ವರ್ಷಗಳಿಂದ ಮುಕ್ತ ತಂತ್ರಾಂಶವನ್ನೇ ಅವಲಂಬಿಸಿದೆ. ‘ಕೈಟ್’ ಸಂಸ್ಥೆ ಒದಗಿಸುವ ಕಾರ್ಯವ್ಯವಸ್ಥೆ ಉಬುಂಟುವನ್ನು ಆಧರಿಸಿದ್ದು. ಹತ್ತನೆಯ ತರಗತಿ ಮುಗಿಸಿ ಬಂದ ವಿದ್ಯಾರ್ಥಿ ಅರಿಯದೆಯೇ ಈ ನಿಯಮದ ಒಳಗೆ ಬೆಳೆದಿರುತ್ತಾನೆ. ಬೇರೆ ಬೇರೆ ಕಡೆ ರೂಪುಗೊಂಡ ಎರಡು ತಂತ್ರಾಂಶಗಳು ‘ತನ್ನ ಬರಹಕ್ಕೆ ತಾನೇ ಒಡೆಯ’ ಎಂಬ ಒಂದೇ ನಿಯಮಕ್ಕೆ ಬಂದು ನಿಂತಿರುವುದು ಗಮನಾರ್ಹ.

ಆದರೆ ಎಲ್ಲರೂ ಒಂದೇ ಖಾತೆಯಿಂದ ಒಳಹೋಗುವಲ್ಲಿ ಈ ನಿಯಮಕ್ಕೆ ಅರ್ಥವೇ ಉಳಿಯುವುದಿಲ್ಲ. ಯಂತ್ರದ ಕಣ್ಣಿಗೆ ಅಲ್ಲಿ ಇರುವವನು ಒಬ್ಬನೇ. ಸರದಿಯಲ್ಲಿರುವ ಪ್ರತಿಯೊಂದು ದಾಖಲೆಯೂ ಅವನದೇ. ಅವಸರದಲ್ಲಿರುವ ಯಾರಾದರೂ ಮುಂದಿರುವ ಅರುವತ್ತು ಪುಟಗಳ ಕಿರುಪ್ರಬಂಧವನ್ನು ಅಳಿಸಿ ತಮ್ಮ ಒಂದು ಪುಟವನ್ನು ಮುದ್ರಿಸಿಕೊಂಡರೆ, ಅಳಿಸಿದವರು ಯಾರೆಂದು ಯಂತ್ರವೂ ಹೇಳಲಾರದು, ಮನುಷ್ಯರೂ ಹೇಳಲಾರರು. ಆದುದರಿಂದ ಮೊದಲ ಸುಧಾರಣೆ ಪ್ರಿಂಟರಿನಲ್ಲಿ ಆಗಬೇಕಾದುದಲ್ಲ, ಖಾತೆಗಳಲ್ಲಿ ಆಗಬೇಕಾದುದು. ಅಧ್ಯಾಪಕರು, ಸಂಶೋಧಕರು, ವಿದ್ಯಾರ್ಥಿಗಳು ಎಂಬ ಮೂರು ಗುಂಪುಗಳನ್ನು ಮಾಡಿ, ಪ್ರತಿಯೊಬ್ಬರಿಗೂ ಸ್ವಂತ ಖಾತೆ ನೀಡಿ, ಅನುಮತಿಯನ್ನು ವ್ಯಕ್ತಿಯ ಹೆಸರಿಗೆ ಕೊಡದೆ ಗುಂಪಿಗೆ ಕೊಡಬೇಕು. ಓದು ಮುಗಿಸಿ ಹೋದವರನ್ನು ಗುಂಪಿನಿಂದ ತೆಗೆದು, ಹೊಸಬರನ್ನು ಸೇರಿಸಿದರೆ ಸಾಕು. ಪ್ರಿಂಟರನ್ನು ಮತ್ತೆ ಮುಟ್ಟಬೇಕಾಗಿಲ್ಲ.

ಪರೀಕ್ಷೆಯ ದಿನಗಳಲ್ಲಿ ಅಧ್ಯಾಪಕರ ಕೆಲಸಕ್ಕೆ ತುರ್ತು ಇರುವುದು ನಿಜ. ಅದಕ್ಕಾಗಿ ಅವರಿಗೆ ಇತರರ ದಾಖಲೆಗಳನ್ನು ಅಳಿಸುವ ಹಕ್ಕು ಕೊಡಬೇಕೆಂಬ ವಾದ ಸರಿಯಲ್ಲ. ಒಂದೇ ಯಂತ್ರವನ್ನು ವಿಂಡೋಸಿನಲ್ಲಿ ಎರಡು ಹೆಸರುಗಳಿಂದ ಸ್ಥಾಪಿಸಲು ಸಾಧ್ಯ. ಪ್ರತಿ ಹೆಸರಿಗೂ 1ರಿಂದ 99ರವರೆಗಿನ ಆದ್ಯತೆಯನ್ನು ಗೊತ್ತುಪಡಿಸಬಹುದು. ಲಭ್ಯವಿರುವ ವೇಳೆಯನ್ನೂ ನಿಗದಿಮಾಡಬಹುದು. ಅಧ್ಯಾಪಕರ ಹೆಸರಿನ ಪ್ರಿಂಟರಿಗೆ ಹೆಚ್ಚಿನ ಆದ್ಯತೆ ನೀಡಿದರೆ ಅವರ ದಾಖಲೆ ಸರದಿಯಲ್ಲಿ ಮುಂದೆ ಬರುತ್ತದೆ. ಆಗಲೇ ಮುದ್ರಣವಾಗುತ್ತಿರುವುದು ನಡುವೆ ನಿಲ್ಲುವುದಿಲ್ಲ, ಕಾಯುತ್ತಿರುವುದು ಅಳಿದುಹೋಗುವುದಿಲ್ಲ. ಸರದಿಯಲ್ಲಿ ಮುಂದೆ ನಿಲ್ಲುವುದಕ್ಕೂ ಹಿಂದಿನವರನ್ನು ಸಾಲಿನಿಂದಲೇ ಹೊರದೂಡುವುದಕ್ಕೂ ಇರುವ ವ್ಯತ್ಯಾಸ ಇದು.

ಇನ್ನು ಆಡಳಿತದ ಹಕ್ಕು ಏಕೆ ಕಿರಿದಾಗಿರಬೇಕು ಎಂಬ ಪ್ರಶ್ನೆ. ಪ್ರಿಂಟರ್ ಕಂಪ್ಯೂಟರಿಗೆ ಸೇರುವುದು ‘ಡ್ರೈವರ್’ ಎಂಬ ತಂತ್ರಾಂಶದ ಮೂಲಕ. ಅದು ಕಾರ್ಯವ್ಯವಸ್ಥೆಯ ಒಳಮನೆಯವರೆಗೆ ಪ್ರವೇಶಿಸುತ್ತದೆ. 2021ರಲ್ಲಿ ‘ಪ್ರಿಂಟ್‌ನೈಟ್‌ಮೇರ್’ ಎಂಬ ಹೆಸರಿನಿಂದ ಬೆಳಕಿಗೆ ಬಂದ ವಿಂಡೋಸಿನ ದೋಷ ಇದನ್ನು ಜಗತ್ತಿಗೇ ತೋರಿಸಿಕೊಟ್ಟಿತು. ಮುದ್ರಣದ ಸರದಿಯನ್ನು ನೋಡಿಕೊಳ್ಳುವ ‘ಸ್ಪೂಲರ್’ ಸೇವೆಯ ಮೂಲಕ ಸಾಮಾನ್ಯ ಬಳಕೆದಾರನೂ ಇಡೀ ಕಂಪ್ಯೂಟರಿನ ಸರ್ವಾಧಿಕಾರವನ್ನು ಪಡೆಯಬಹುದಾಗಿತ್ತು. ಜುಲೈಯಲ್ಲಿ ಮೈಕ್ರೋಸಾಫ್ಟ್ ತುರ್ತು ಪರಿಹಾರವನ್ನು ನೀಡಿತು. ಆಗಸ್ಟಿನಿಂದ, ಹಂಚಿಕೊಂಡ ಪ್ರಿಂಟರಿನ ಡ್ರೈವರನ್ನು ಸ್ಥಾಪಿಸಲು ಆಡಳಿತಗಾರನ ಅನುಮತಿ ಬೇಕೆಂಬ ನಿಯಮವನ್ನೂ ತಂದಿತು. ಅದಕ್ಕೂ ಮುಂಚೆ, 2010ರಲ್ಲಿ ಪತ್ತೆಯಾದ ‘ಸ್ಟಕ್ಸ್‌ನೆಟ್’ ಎಂಬ ಕುಖ್ಯಾತ ಕೀಟ ತಂತ್ರಾಂಶ ಹರಡಿದ ದಾರಿಗಳಲ್ಲಿ ಇದೇ ಸ್ಪೂಲರಿನ ಮತ್ತೊಂದು ದೋಷವೂ ಸೇರಿತ್ತು.

ಯಂತ್ರಕ್ಕೆ ತನ್ನದೇ ಆದ ಆಡಳಿತ ಪುಟವೂ ಇರುತ್ತದೆ. ಜಾಲಕ್ಕೆ ಸೇರಿದ ಪ್ರಿಂಟರಿನ ವಿಳಾಸವನ್ನು ಬ್ರೌಸರಿನಲ್ಲಿ ಟೈಪಿಸಿದರೆ ಅದು ತೆರೆದುಕೊಳ್ಳುತ್ತದೆ. ತಯಾರಕರು ಇಟ್ಟ ಗುಪ್ತಪದವನ್ನು ಬದಲಿಸದೆ ಹಾಗೆಯೇ ಬಿಡುವುದು ಸಾಮಾನ್ಯ ರೂಢಿ. 2018ರ ಕೊನೆಯಲ್ಲಿ ಅಂತರಜಾಲಕ್ಕೆ ತೆರೆದುಕೊಂಡಿದ್ದ ಸಾವಿರಾರು ಪ್ರಿಂಟರುಗಳು, ಒಂದು ಯೂಟ್ಯೂಬ್ ವಾಹಿನಿಯ ಪ್ರಚಾರದ ಕಾಗದವನ್ನು ಒಡೆಯರ ಅಪ್ಪಣೆಯಿಲ್ಲದೆ ಮುದ್ರಿಸಿದವು. ಅದು ಹುಡುಗಾಟವೆಂದು ನಕ್ಕು ಬಿಡಬಹುದು. ನಗಲಾಗದ ಸಂಗತಿ ಬೇರೆ ಇದೆ. ಪ್ರತಿ ತೆಗೆಯುವ, ಸ್ಕ್ಯಾನ್ ಮಾಡುವ, ಮುದ್ರಿಸುವ ದೊಡ್ಡ ಯಂತ್ರಗಳಲ್ಲಿ ಅನೇಕ ವೇಳೆ ಹಾರ್ಡ್‌ಡಿಸ್ಕ್ ಇರುತ್ತದೆ. ಹಾದುಹೋದ ದಾಖಲೆಗಳ ಪ್ರತಿ ಅದರಲ್ಲಿ ಉಳಿಯಬಹುದು. ಬಾಡಿಗೆಯ ಯಂತ್ರಗಳನ್ನು ಡಿಸ್ಕ್ ಅಳಿಸದೆ ಹಿಂದಿರುಗಿಸಿದ್ದಕ್ಕಾಗಿ ಅಮೆರಿಕದ ಒಂದು ಆರೋಗ್ಯ ವಿಮಾ ಸಂಸ್ಥೆ 2013ರಲ್ಲಿ 12 ಲಕ್ಷ ಡಾಲರುಗಳಿಗೂ ಹೆಚ್ಚು ಹಣವನ್ನು ತೆರಬೇಕಾಯಿತು. ಪ್ರಶ್ನಪತ್ರಿಕೆಯೂ ಅಂಕಪಟ್ಟಿಯೂ ಹಾದುಹೋಗುವ ಯಂತ್ರವನ್ನು ಹಳತಾಯಿತೆಂದು ಗುಜರಿಗೆ ಹಾಕುವ ಮೊದಲು ವಿಭಾಗಗಳು ಈ ಪ್ರಸಂಗವನ್ನು ನೆನೆಯುವುದು ಒಳಿತು.

ಇಷ್ಟೆಲ್ಲ ಅಪಾಯವಿದೆಯೆಂದರೆ ಆಡಳಿತವನ್ನು ಒಬ್ಬರಿಗೇ ಒಪ್ಪಿಸಿ ನಿಶ್ಚಿಂತರಾಗಬಹುದಲ್ಲವೇ ಎಂದು ತೋರಬಹುದು. ಕಂಪ್ಯೂಟರ್ ಸುರಕ್ಷೆಯ ಚಿಂತನೆಗೆ ತಳಹದಿಯಾದ ಪ್ರಬಂಧವೊಂದನ್ನು ಜೆರೋಮ್ ಸಾಲ್ಟ್ಜರ್ ಮತ್ತು ಮೈಕೆಲ್ ಶ್ರೋಡರ್ 1975ರಲ್ಲಿ ಪ್ರಕಟಿಸಿದರು. ಅವರು ಪ್ರತಿಪಾದಿಸಿದ ತತ್ತ್ವಗಳಲ್ಲಿ ಮೂರು ಇಲ್ಲಿ ಪ್ರಸ್ತುತ. ಪ್ರತಿಯೊಬ್ಬರಿಗೂ ಅವರ ಕೆಲಸಕ್ಕೆ ಬೇಕಾದಷ್ಟೇ ಅಧಿಕಾರವಿರಬೇಕು ಎಂಬುದು ಒಂದು. ಒಂದೇ ಕೀಲಿಯಿಂದ ತೆರೆಯುವ ಬೀಗಕ್ಕಿಂತ ಎರಡು ಕೀಲಿಗಳ ಬೀಗ ಹೆಚ್ಚು ಭದ್ರ ಎಂಬುದು ಇನ್ನೊಂದು. ಸುರಕ್ಷೆಯ ವ್ಯವಸ್ಥೆ ಬಳಸುವವರಿಗೆ ಸರಳವಾಗಿರಬೇಕು, ಇಲ್ಲವಾದರೆ ಅವರು ಅದನ್ನು ಸರಿಯಾಗಿ ಬಳಸಲಾರರು ಎಂಬುದು ಮೂರನೆಯದು. ಎರಡನೆಯ ತತ್ತ್ವವಂತೂ ದೇವಸ್ಥಾನಗಳ ಭಂಡಾರವನ್ನು ಕಂಡವರಿಗೆ ಹೊಸದಲ್ಲ. ಪೆಟ್ಟಿಗೆಗೆ ಎರಡು ಬೀಗ ಹಾಕಿ ಕೀಲಿಗಳನ್ನು ಇಬ್ಬರ ಕೈಯಲ್ಲಿ ಇರಿಸುವುದು ಯಾರ ಮೇಲಿನ ಅಪನಂಬಿಕೆಯಿಂದಲೂ ಅಲ್ಲ; ನಂಬಿಕೆ ಪರೀಕ್ಷೆಗೆ ಒಳಗಾಗದಿರಲೆಂಬ ಎಚ್ಚರದಿಂದ.

ಪ್ರಿಂಟರಿನ ವಿಷಯದಲ್ಲಿ ಎರಡನೆಯ ಕೀಲಿಗೆ ಬೇರೊಂದು ಕಾರಣವೂ ಇದೆ. ಸರಕಾರಿ ಕಾಲೇಜುಗಳಲ್ಲಿ ವರ್ಗಾವಣೆ ನಿತ್ಯದ ಸಂಗತಿ; ಅತಿಥಿ ಅಧ್ಯಾಪಕರಿಗಂತೂ ಮುಂದಿನ ವರ್ಷದ ಭರವಸೆಯೇ ಇಲ್ಲ. ಗುಪ್ತಪದವನ್ನು ತಲೆಯಲ್ಲಿಟ್ಟುಕೊಂಡವರು ಊರು ಬಿಟ್ಟು ಹೋದರೆ, ಯಂತ್ರವನ್ನು ಮೂಲಸ್ಥಿತಿಗೆ ತಂದು ಎಲ್ಲವನ್ನೂ ಮೊದಲಿನಿಂದ ಮಾಡಬೇಕಾಗುತ್ತದೆ. ಗುಪ್ತಪದ ವ್ಯಕ್ತಿಯದಲ್ಲ, ಸಂಸ್ಥೆಯದು. ಅದನ್ನು ಇಬ್ಬರು ತಿಳಿದಿರಬೇಕು. ಮುಚ್ಚಿದ ಲಕೋಟೆಯಲ್ಲಿ ಬರೆದು ಪ್ರಾಂಶುಪಾಲರ ಕಪಾಟಿನಲ್ಲಿ ಇರಿಸಬೇಕು. ಇಬ್ಬರಲ್ಲಿ ಒಬ್ಬರು ಬದಲಾದಾಗ ಗುಪ್ತಪದವೂ ಬದಲಾಗಬೇಕು.

ಒಬ್ಬರ ಹಿಡಿತದಲ್ಲಿರುವ ಯಂತ್ರ ಬಳಕೆದಾರರನ್ನು ಎಷ್ಟು ಅಸಹಾಯಕರನ್ನಾಗಿಸಬಲ್ಲದು ಎಂಬುದಕ್ಕೆ ಒಂದು ಪ್ರಸಿದ್ಧ ನಿದರ್ಶನವಿದೆ. 1980ರ ಸುಮಾರಿಗೆ ಅಮೆರಿಕದ ಎಂ.ಐ.ಟಿ.ಯ ಕೃತಕ ಬುದ್ಧಿಮತ್ತೆ ಪ್ರಯೋಗಾಲಯಕ್ಕೆ ಜೆರಾಕ್ಸ್ ಕಂಪನಿಯಿಂದ ಲೇಸರ್ ಪ್ರಿಂಟರೊಂದು ಕೊಡುಗೆಯಾಗಿ ಬಂತು. ಅಲ್ಲಿದ್ದ ರಿಚರ್ಡ್ ಸ್ಟಾಲ್ಮನ್, ಹಿಂದಿನ ಪ್ರಿಂಟರಿನ ತಂತ್ರಾಂಶವನ್ನು ತಿದ್ದಿ, ಕಾಗದ ಸಿಕ್ಕಿಕೊಂಡರೆ ಕಾಯುತ್ತಿರುವವರೆಲ್ಲರಿಗೂ ಸಂದೇಶ ಹೋಗುವಂತೆ ಮಾಡಿದ್ದರು. ಹೊಸ ಯಂತ್ರದಲ್ಲಿಯೂ ಕಾಗದ ಸಿಕ್ಕಿಕೊಳ್ಳುತ್ತಿತ್ತು. ಆದರೆ ಅದರ ತಂತ್ರಾಂಶದ ಮೂಲಪಾಠ ಅವರಿಗೆ ದೊರೆಯಲಿಲ್ಲ. ಯಂತ್ರ ಬೇರೆ ಅಂತಸ್ತಿನಲ್ಲಿ ನಿಂತುಹೋಗಿದ್ದರೂ ಬಳಕೆದಾರರು ತಮ್ಮ ಪುಟಗಳಿಗಾಗಿ ವೃಥಾ ಕಾಯಬೇಕಾಯಿತು. 1983ರಲ್ಲಿ ಅವರು ಘೋಷಿಸಿದ ಗ್ನು ಯೋಜನೆಯ ಹಿಂದಿನ ಪ್ರೇರಣೆಗಳಲ್ಲಿ ಈ ಪ್ರಿಂಟರೂ ಒಂದೆಂದು ಅವರೇ ಹೇಳುತ್ತ ಬಂದಿದ್ದಾರೆ. ಮುದ್ರಿಸುವ ಹಕ್ಕಿದ್ದು, ತೊಡಕು ಬಂದಾಗ ಕಾರಣವನ್ನೂ ತಿಳಿಯಲಾಗದ ಸ್ಥಿತಿ ಅರ್ಧ ಹಕ್ಕು ಮಾತ್ರ. ಆದ್ದರಿಂದ ಆಡಳಿತದ ಕೀಲಿ ಕೆಲವರ ಕೈಯಲ್ಲಿದ್ದರೂ ಆ ಕೀಲಿಯಿಂದ ಏನು ಮಾಡಲಾಗಿದೆ ಎಂಬ ತಿಳಿವಳಿಕೆ ಎಲ್ಲರದಾಗಿರಬೇಕು.

ಕನ್ನಡ ವಿಭಾಗಗಳಿಗೆ, ವಿಶೇಷವಾಗಿ ಗಡಿನಾಡಿನ ಕನ್ನಡ ವಿಭಾಗಗಳಿಗೆ, ಈ ಮಾತು ಇನ್ನಷ್ಟು ಹತ್ತಿರದ್ದು. ಕಾಸರಗೋಡಿನಲ್ಲಿ ಮಲಯಾಳ, ಸೊಲ್ಲಾಪುರ ಅಕ್ಕಲಕೋಟೆಗಳಲ್ಲಿ ಮರಾಠಿ, ಹೊಸೂರು ತಾಳವಾಡಿಗಳಲ್ಲಿ ತಮಿಳು, ಆದೋನಿ ರಾಯದುರ್ಗಗಳಲ್ಲಿ ತೆಲುಗು ಆಡಳಿತದ ಭಾಷೆ. ಕಾಲೇಜಿನ ಕಂಪ್ಯೂಟರ್ ವ್ಯವಸ್ಥೆಯನ್ನು ನೋಡಿಕೊಳ್ಳುವವರಿಗೆ ಕನ್ನಡ ಓದಲು ಬಾರದಿರುವುದು ಸಹಜ. ಅದು ಅವರ ತಪ್ಪಲ್ಲ. ಆದರೆ ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಬೆರಳಚ್ಚಾದ ಪ್ರಶ್ನಪತ್ರಿಕೆ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗಿ ಕಾಣುತ್ತದೆ. ಯೂನಿಕೋಡಿನಲ್ಲಿ ಬರೆದದ್ದೂ ತಕ್ಕ ಫಾಂಟ್ ಇಲ್ಲದಿದ್ದರೆ ಒತ್ತಕ್ಷರ ಕಳಚಿಕೊಂಡೋ ಬರಿಯ ಚೌಕಗಳಾಗಿಯೋ ಹೊರಬರುತ್ತದೆ. ಅದನ್ನು ನೋಡಿದ ಕೂಡಲೇ ತಪ್ಪೆಂದು ಗುರುತಿಸಬಲ್ಲ ಕಣ್ಣು ಕನ್ನಡ ಬಲ್ಲವರದು ಮಾತ್ರ. ಕಂಪ್ಯೂಟರಿನ ಎಲ್ಲ ಖಾತೆಗಳಿಗೂ ದೊರೆಯುವಂತೆ ಫಾಂಟನ್ನು ಸ್ಥಾಪಿಸಲು ಬೇಕಾದ ಹಕ್ಕಾದರೋ ಆಡಳಿತಗಾರರದು. ಕಣ್ಣು ಒಂದು ಕಡೆ, ಕೈ ಇನ್ನೊಂದು ಕಡೆ.

ಹೀಗಾಗಿ ಪರೀಕ್ಷೆಯ ಹಿಂದಿನ ಸಂಜೆ ಪೇಟೆಯ ಡಿಟಿಪಿ ಅಂಗಡಿಗೆ ಪೆನ್‌ಡ್ರೈವ್ ಹಿಡಿದು ಓಡುವ ಪರಿಸ್ಥಿತಿ ಬರುತ್ತದೆ. ಗುಟ್ಟಾಗಿರಬೇಕಾದ ಪ್ರಶ್ನಪತ್ರಿಕೆ ಹೊರಗಿನ ಕಂಪ್ಯೂಟರಿನಲ್ಲಿ ತೆರೆದುಕೊಳ್ಳುತ್ತದೆ. ಪ್ರಿಂಟರಿಗೆ ಹಾಕಿದ ಬೀಗವೇ ಗುಟ್ಟನ್ನು ಬೀದಿಗೆ ತಂದಂತಾಯಿತು. ಬಳಸುವವರ ಅನುಕೂಲವನ್ನು ಕಡೆಗಣಿಸಿದ ಸುರಕ್ಷೆ ಸುರಕ್ಷೆಯಾಗಿ ಉಳಿಯುವುದಿಲ್ಲ ಎಂಬ 1975ರ ತತ್ತ್ವಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಾಗಿಲ್ಲ. ಪರಿಹಾರ ಕಷ್ಟದ್ದಲ್ಲ. ವಿಭಾಗದ ಪ್ರಿಂಟರಿನ ಇಬ್ಬರು ಆಡಳಿತಗಾರರಲ್ಲಿ ಒಬ್ಬರು ಕನ್ನಡ ಬಲ್ಲವರಾಗಿರಬೇಕು. ವಿಭಾಗದಲ್ಲಿ ಬಳಸುವ ಫಾಂಟುಗಳ ಪಟ್ಟಿಯನ್ನು ಮಾಡಿ ಎಲ್ಲ ಖಾತೆಗಳಿಗೂ ಸ್ಥಾಪಿಸಿಡಬೇಕು. ಫಾಂಟನ್ನು ಒಳಗೊಂಡ ಪಿಡಿಎಫ್ ರೂಪದಲ್ಲಿ ದಾಖಲೆಯನ್ನು ಕಳುಹಿಸುವ ಅಭ್ಯಾಸವನ್ನು ವಿದ್ಯಾರ್ಥಿಗಳಿಗೆ ಮೊದಲ ವರ್ಷದಲ್ಲಿಯೇ ಕಲಿಸಬೇಕು.

ಗುಟ್ಟಿನ ದಾಖಲೆಗಳಿಗೆ ಇನ್ನೂ ಒಂದು ಸೌಲಭ್ಯವಿದೆ. ಅನೇಕ ಯಂತ್ರಗಳಲ್ಲಿ ದಾಖಲೆಯನ್ನು ಒಂದು ಸಂಖ್ಯೆಯೊಡನೆ ಕಳುಹಿಸಿದರೆ, ಯಂತ್ರದ ಮುಂದೆ ನಿಂತು ಆ ಸಂಖ್ಯೆಯನ್ನು ಒತ್ತುವವರೆಗೆ ಕಾಗದ ಹೊರಬರುವುದಿಲ್ಲ. ಪ್ರಶ್ನಪತ್ರಿಕೆ ತಟ್ಟೆಯಲ್ಲಿ ಅನಾಥವಾಗಿ ಬಿದ್ದಿರುವುದನ್ನು ಇದು ತಪ್ಪಿಸುತ್ತದೆ. ದಾಖಲೆಗೆ ಇಡುವ ಹೆಸರಿನಲ್ಲಿಯೂ ಎಚ್ಚರ ಬೇಕು. ಸರದಿಯ ಪಟ್ಟಿಯಲ್ಲಿ ಆ ಹೆಸರು ಇತರರಿಗೂ ಕಾಣಿಸಬಹುದು.

ಯಾರು ಎಷ್ಟು ಪುಟ ಮುದ್ರಿಸಿದರು ಎಂಬ ಲೆಕ್ಕವನ್ನೂ ಯಂತ್ರ ಇಡಬಲ್ಲದು. ಕಪ್ಸ್‌ನಲ್ಲಿ ನಿರ್ದಿಷ್ಟ ಅವಧಿಗೆ ಪುಟಗಳ ಮಿತಿಯನ್ನು ಹಾಕಲೂ ಅವಕಾಶವಿದೆ. ಟೋನರಿನ ಬೆಲೆಯನ್ನು ಬಲ್ಲವರು ಮಿತಿಯನ್ನು ವಿರೋಧಿಸಲಾರರು. ಆದರೆ ಲೆಕ್ಕ ಪುಟಗಳದಾಗಿರಲಿ, ಬರಹದ್ದಾಗದಿರಲಿ. ವಿದ್ಯಾರ್ಥಿ ಏನನ್ನು ಮುದ್ರಿಸಿದ ಎಂದು ಇಣುಕಿ ನೋಡುವ ಹಕ್ಕನ್ನು ಆಡಳಿತದ ಕೀಲಿ ಯಾರಿಗೂ ನೀಡುವುದಿಲ್ಲ.

ಹತ್ತು ಹನ್ನೆರಡು ಮಂದಿಯ ಸಣ್ಣ ವಿಭಾಗಕ್ಕೆ ಇಷ್ಟೊಂದು ಕಟ್ಟುಪಾಡು ಏಕೆ, ಪರಸ್ಪರ ವಿಶ್ವಾಸ ಸಾಲದೇ ಎಂಬ ಆಕ್ಷೇಪ ಬರಬಹುದು. ಆಕ್ಷೇಪದಲ್ಲಿ ಹುರುಳಿಲ್ಲದಿಲ್ಲ, ನಿಯಮಗಳು ಹೆಚ್ಚಿದಷ್ಟೂ ಸಂಬಂಧಗಳು ಒಣಗುವುದುಂಟು. ಆದರೆ ಕಾಸರಗೋಡಿನ ತೋಟಗಾರರು ಮಳೆಗಾಲ ಮುಗಿದೊಡನೆ ತೋಡಿಗೆ ಅಡ್ಡಲಾಗಿ ಹಾಕುವ ಕಟ್ಟವನ್ನು ನೋಡಿದರೆ ಉತ್ತರ ಸಿಗುತ್ತದೆ. ಕಟ್ಟಕ್ಕೆ ಹತ್ತಾರು ಮನೆಯವರು ಕೈಜೋಡಿಸುತ್ತಾರೆ, ನಿಂತ ನೀರು ಎಲ್ಲರದು. ಹಾಗೆಂದು ಯಾರು ಬೇಕಾದರೂ ಯಾವಾಗ ಬೇಕಾದರೂ ಅದನ್ನು ಒಡೆಯಬಹುದೆಂದು ಯಾರೂ ಭಾವಿಸುವುದಿಲ್ಲ. ವಿಶ್ವಾಸವಿಲ್ಲದೆ ಹುಟ್ಟಿದ ಕಟ್ಟುಪಾಡಲ್ಲ ಅದು; ವಿಶ್ವಾಸವನ್ನು ಬಾಳಿಸಿದ ಕಟ್ಟುಪಾಡು.

ವಿಭಾಗದ ಪ್ರಿಂಟರಿಗೆ ಬೇಕಾದ ನಿಯಮಗಳು ಒಂದು ಪುಟವನ್ನು ಮೀರಲಾರವು. ಎಲ್ಲ ವಿದ್ಯಾರ್ಥಿಗಳಿಗೂ ಅಧ್ಯಾಪಕರಿಗೂ ಮುದ್ರಿಸುವ ಹಕ್ಕು, ತನ್ನ ದಾಖಲೆಯ ಮೇಲೆ ಮಾತ್ರ ತನ್ನ ಒಡೆತನ, ಪರೀಕ್ಷಾಕಾಲದಲ್ಲಿ ಅಧ್ಯಾಪಕರಿಗೆ ಸರದಿಯಲ್ಲಿ ಆದ್ಯತೆ, ಆಡಳಿತಕ್ಕೆ ಇಬ್ಬರು, ಅವರಲ್ಲಿ ಒಬ್ಬರು ಕನ್ನಡ ಬಲ್ಲವರು, ಗುಪ್ತಪದ ಲಕೋಟೆಯಲ್ಲಿ, ವ್ಯವಸ್ಥೆಯಲ್ಲಿ ಮಾಡಿದ ಪ್ರತಿ ಬದಲಾವಣೆಯೂ ದಿನಾಂಕದೊಡನೆ ಒಂದು ಪುಸ್ತಕದಲ್ಲಿ. ವಿಭಾಗದ ಸಭೆ ಒಂದು ಗಂಟೆಯೊಳಗೆ ಇದನ್ನು ಚರ್ಚಿಸಿ ಒಪ್ಪಬಹುದು. ಆ ಚರ್ಚೆಯಲ್ಲಿ ವಿದ್ಯಾರ್ಥಿ ಪ್ರತಿನಿಧಿಗೂ ಸ್ಥಾನವಿರಬೇಕು. ಏಕೆಂದರೆ ಯಂತ್ರದ ಮುಂದೆ ಅತಿ ಹೆಚ್ಚು ಹೊತ್ತು ಕಾಯುವವರು ವಿದ್ಯಾರ್ಥಿಗಳೇ. ಒಪ್ಪಿದ ನಿಯಮಗಳನ್ನು ಕನ್ನಡದಲ್ಲಿ ಬರೆದು, ಒತ್ತಕ್ಷರ ಕಳಚದಂತೆ ಅದೇ ಪ್ರಿಂಟರಿನಲ್ಲಿ ಮುದ್ರಿಸಿ, ಪಕ್ಕದ ಗೋಡೆಗೆ ಅಂಟಿಸಿದರೆ ವ್ಯವಸ್ಥೆ ಸರಿಯಾಗಿದೆಯೇ ಎಂಬುದಕ್ಕೆ ಮೊದಲ ಪರೀಕ್ಷೆಯೂ ಆಯಿತು.